ಹೂವಿನ ಟೇಪಿನ ಸಿಸ್ಟರ್

ಕಳೆದ ತಿಂಗಳು ಲಲಿತ ಫೋನು ಮಾಡಿದಾಗ ನಾನು ಒಂಬತ್ತನೇ ತರಗತಿಯ ಕನ್ನಡ ಉತ್ತರ ಪತ್ರಿಕೆಗಳನ್ನು ತಿದ್ದುತ್ತಾ ಕೂತಿದ್ದೆ. ಲಲಿತ ಸುತ್ತಿ ಬಳಸಿ ಮಾತಾಡುವವಳಲ್ಲ. “ಅಕ್ಕಾ, ನಮ್ಮ ಸಿಸ್ಟರ್ ಹೋದ್ರಂತೆ. ನಿನ್ನೆ, ಕಳಸದಲ್ಲೇ,” ಎಂದಳು. ಅವಳ ಕಡೆ ಕುಕ್ಕರ್ ಕೂಗಿದ್ದು, ಅವಳ ಮಗ ಏನಕ್ಕೋ ಹಠ ಹಿಡಿದದ್ದು ಕೇಳಿಸಿತು. “ಇಡ್ತೀನಿ ಅಕ್ಕ,” ಎಂದು ಅವಳೇ ಇಟ್ಟಳು. ಆ ಸಂಜೆ ನಾನು ಮತ್ತೆ ಕೆಂಪು ಪೆನ್ನು ಮುಟ್ಟಲಿಲ್ಲ.

ಸಿಸ್ಟರ್ ಅವರ ಹೆಸರು ನನಗೆ ಗೊತ್ತು. ಆದರೆ ಅವರು ನರ್ಸಾಗಿದ್ದ ಆಸ್ಪತ್ರೆಯಲ್ಲಿ ಯಾರೂ ಅವರನ್ನು ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿಲ್ಲ. ಬೇರೆ ನರ್ಸುಗಳಿಗೆಲ್ಲ ಹೆಸರಿನ ಜೊತೆ ಸಿಸ್ಟರ್ ಸೇರುತ್ತಿತ್ತು. ಇವರೊಬ್ಬರು ಬರಿಯ ಸಿಸ್ಟರ್. ನಾನೂ ಹಾಗೆಯೇ ಬರೆಯುತ್ತೇನೆ.

ಅವರನ್ನು ನಾನು ದಿನವೂ ಕಂಡದ್ದು ಒಂದೇ ಮಳೆಗಾಲ. ಆಗ ನಾನು ಏಳು ತಿಂಗಳ ಬಸುರಿ. ಮೂಡಿಗೆರೆಯ ಶಾಲೆಯಲ್ಲಿ ಪಾಠ ಮಾಡುತ್ತಿದ್ದವಳಿಗೆ ಕಣ್ಣು ಮಂಜಾಯಿತು, ತಲೆ ಸಿಡಿಯತೊಡಗಿತು. ಬಿಪಿ ನೋಡಿದ ಡಾಕ್ಟರು ಆ ಕ್ಷಣವೇ ಚಿಕ್ಕಮಗಳೂರಿಗೆ ಹೋಗಿ ಎಂದರು. ಮರುದಿನ ಬೆಳಿಗ್ಗೆ ಹೊಟ್ಟೆ ಕೊಯ್ದು ಮಗುವನ್ನು ತೆಗೆದರು. ಹೆಣ್ಣು. ಅಳಲಿಲ್ಲ. ಅವಳನ್ನು ಒಂದು ಹಸಿರು ಬಟ್ಟೆಯಲ್ಲಿ ಸುತ್ತಿ ಯಾರೋ ಓಡಿದ್ದಷ್ಟೇ ನನಗೆ ಕಂಡದ್ದು. ಆಮೇಲೆ ಅವಳನ್ನು ನೋಡಿದ್ದು ಗಾಜಿನ ಈಚೆಯಿಂದ. ಮೂಗಿಗೆ ಗಾಳಿಯ ಕೊಳವೆ, ಬಾಯಿಗೆ ಹಾಲಿನ ನಳಿಕೆ, ಅವು ಜಾರದಂತೆ ಎರಡೂ ಕೆನ್ನೆಗೆ ಬಿಳಿ ಟೇಪು. ಮುಖ ಎಷ್ಟು ಚಿಕ್ಕದೆಂದರೆ ಟೇಪು ಬಿಟ್ಟು ನೋಡಲು ಹೆಚ್ಚೇನೂ ಉಳಿದಿರಲಿಲ್ಲ.

ನನ್ನ ಗಂಡ ಬಾಳೂರಿನ ಹತ್ತಿರದ ಎಸ್ಟೇಟಿನಲ್ಲಿ ರೈಟರ್. ಆಳುಗಳ ಹಾಜರಿ, ಅವರ ಕೆಲಸ ಎಲ್ಲ ಅವರೇ ನೋಡಿಕೊಳ್ಳಬೇಕು. ಮಳೆಗೆ ಮರ ಬಿದ್ದು ರಸ್ತೆ ಕಟ್ಟಿದರೆ ವಾರವಾದರೂ ಬರಲಾಗುತ್ತಿರಲಿಲ್ಲ. ನನ್ನ ಜೊತೆ ಇದ್ದವರು ಅತ್ತೆ. ಅವರು ಬಣಕಲ್ಲಿನ ಮನೆಗೆ ಬೀಗ ಹಾಕಿ ಬಂದು ಆಸ್ಪತ್ರೆಯ ಬೆಂಚಿನ ಮೇಲೇ ಠಿಕಾಣಿ ಹೂಡಿದ್ದರು.

ಮಕ್ಕಳಿದ್ದ ಕೋಣೆಯ ಎದುರಿಗೆ ತಾಯಂದಿರ ಕೋಣೆ. ನಾವು ಹಾಲು ಹಿಂಡಿ ಕೊಡುವುದು, ಮಲಗುವುದು, ಕಾಯುವುದು ಎಲ್ಲ ಅಲ್ಲೇ. ಒಣಗದ ಬಟ್ಟೆಗಳು ಹಗ್ಗದ ಮೇಲೆ ನೇತಾಡುತ್ತಿದ್ದವು. ಒಳಗಿದ್ದವರು ಎಲ್ಲಿ ಕೂತರೂ ಬಾಗಿಲಿಗೆ ಮುಖ ಮಾಡಿಯೇ ಕೂರುತ್ತಿದ್ದೆವು. ನರ್ಸು ಬಂದು ಒಂದು ಹೆಸರು ಕರೆದರೆ ಆ ಹೆಸರಿನವಳ ಮುಖದ ಬಣ್ಣವೇ ಹೋಗುತ್ತಿತ್ತು. ಉಳಿದವರು ತಮ್ಮ ಹೆಸರಲ್ಲವಲ್ಲ ಎಂದು ಉಸಿರು ಬಿಡುತ್ತಿದ್ದೆವು. ಆ ಉಸಿರಿಗೆ ನಾಚಿಕೆಯೂ ಆಗುತ್ತಿತ್ತು.

ಸಿಸ್ಟರ್ ಇದನ್ನು ಗಮನಿಸಿದ್ದರು. ಅವರು ಬಾಗಿಲು ತೆರೆಯುವ ಮೊದಲು ಬೆರಳ ಗೆಣ್ಣಿನಿಂದ ತಟ್ಟಿ, ಹೊರಗಿನಿಂದಲೇ “ಸುಮ್ನೆ ಬಂದದ್ದು” ಎನ್ನುತ್ತಿದ್ದರು. ಆಮೇಲೆ ಒಳಗೆ ಕಾಲಿಡುವುದು. ಹಾಲಿನ ಬಟ್ಟಲು ಒಯ್ಯಲು ಬಂದರೂ ಅದೇ, ಕಿಟಕಿ ಹಾಕಲು ಬಂದರೂ ಅದೇ. ಆ ಎರಡು ಮಾತು ಕೇಳಿದರೆ ಕೋಣೆಗೆ ಕೋಣೆಯೇ ಸಡಿಲಾಗುತ್ತಿತ್ತು.

ಅವರು ಗಿಡ್ಡ ಹೆಂಗಸು. ದಪ್ಪ ಗಾಜಿನ ಕನ್ನಡಕ, ಸಮವಸ್ತ್ರದ ಮೇಲೆ ಯಾವಾಗಲೂ ಒಂದು ಬೂದು ಸ್ವೆಟರು. ಕಳಸದ ಕಡೆಯವರು. ಮದುವೆಯಾಗಿರಲಿಲ್ಲ. ಕೆಲಸಕ್ಕೆ ಸೇರಿದಾಗಿನಿಂದ ಆಸ್ಪತ್ರೆಯ ಹಿಂದಿನ ಬೀದಿಯಲ್ಲಿ ಒಂದು ಬಾಡಿಗೆ ಕೋಣೆ. ನಾನು ಕಂಡವರಲ್ಲೆಲ್ಲ ಅತಿ ಹೆದರಿಕೆಯ ಮನುಷ್ಯರೆಂದರೆ ಅವರೇ. ಲಿಫ್ಟಿಗೆ ಹೆದರಿ ಮೆಟ್ಟಿಲು ಹತ್ತುತ್ತಿದ್ದರು, ಮೆಟ್ಟಿಲು ಒದ್ದೆಯಾಗಿದ್ದರೆ ಅದಕ್ಕೂ ಹೆದರುತ್ತಿದ್ದರು. ಊರಿಗೆ ಹೋಗುವಾಗ ಘಾಟಿಯ ತಿರುವುಗಳಲ್ಲಿ ಕಣ್ಣು ಮುಚ್ಚಿ ಕೂರುತ್ತಾರಂತೆ. ಎಲ್ಲಕ್ಕಿಂತ ಹೆಚ್ಚು ಹೆದರುತ್ತಿದ್ದದ್ದು ಕರೆಂಟು ಹೋಗುವುದಕ್ಕೆ. ಕಾರಿಡಾರಿನಲ್ಲಿ ಓಡಾಡುವಾಗ ಸ್ವಿಚ್ಚಿನ ಬೋರ್ಡನ್ನು ಒಮ್ಮೆ ಮುಟ್ಟಿಯೇ ಮುಂದೆ ಹೋಗುತ್ತಿದ್ದರು, ನಾವು ದೇವರ ಗುಡಿಯ ಹೊಸ್ತಿಲು ಮುಟ್ಟುವ ಹಾಗೆ.

ಅವರಲ್ಲಿ ನನಗೆ ಮೊದಲು ಸಿಟ್ಟು ತರಿಸಿದ್ದು ಬೇರೆ ಸಂಗತಿ. ನೋಡಲು ಬಂದವರೆಲ್ಲ “ಏನೂ ಆಗಲ್ಲ ಬಿಡಿ” ಎನ್ನುತ್ತಿದ್ದರು. ನಾನು ಅದನ್ನು ನಂಬದಿದ್ದರೂ ಮತ್ತೆ ಮತ್ತೆ ಕೇಳಬೇಕೆನಿಸುತ್ತಿತ್ತು. ಒಂದು ಬೆಳಿಗ್ಗೆ ಸಿಸ್ಟರ್ ಕೈ ಹಿಡಿದು ನಿಲ್ಲಿಸಿ, “ಏನೂ ಆಗಲ್ಲ ಅಲ್ವಾ ಸಿಸ್ಟರ್?” ಎಂದೆ.

ಅವರು ಯೋಚಿಸಿ ಹೇಳಿದರು, “ಈಗ ಉಸಿರಾಡ್ತಾ ಇದಾಳೆ. ಈಗಷ್ಟೇ ನೋಡ್ಕೊಂಡು ಬಂದೆ.”

“ಅದಲ್ಲ ಸಿಸ್ಟರ್, ಮುಂದೆ?”

“ಮುಂದಿಂದು ನಂಗೆ ಗೊತ್ತಿಲ್ಲಮ್ಮ. ಗೊತ್ತಿಲ್ದೇ ಹೇಳಿದ್ರೆ ನಾಳೆ ನನ್ನ ಮಾತು ನೀವು ನಂಬ್ತೀರಾ?”

ಎರಡು ದಿನ ನಾನು ಅವರ ಮುಖ ನೋಡಲಿಲ್ಲ. ಆಮೇಲೆ ತಿಳಿಯಿತು, ಉಸಿರಾಡುತ್ತಿದ್ದಾಳೆ ಎಂದು ಅವರು ಹೇಳಿದ ದಿನ ನಾನು ಎರಡು ತುತ್ತು ಹೆಚ್ಚು ಉಣ್ಣುತ್ತಿದ್ದೆ.

ಟೇಪಿನ ಡಬ್ಬಿ ಬಂದದ್ದು ಅದಾದ ಮೇಲೆ. ಒಂದು ಮಧ್ಯಾಹ್ನ ತಟ್ಟಿದರು, “ಸುಮ್ನೆ ಬಂದದ್ದು” ಎಂದರು, ಕಂಕುಳಲ್ಲಿದ್ದ ತಗಡಿನ ಬಿಸ್ಕತ್ತಿನ ಡಬ್ಬಿಯನ್ನು ನನ್ನ ಮಂಚದ ಮೇಲಿಟ್ಟು ಮುಚ್ಚಳ ತೆಗೆದರು. ಒಳಗೆ ಕಾಗದದ ಟೇಪಿನ ಸುರುಳಿಗಳು. ಹೂವಿನವು, ಚುಕ್ಕಿಯವು, ಗೆರೆಯವು, ಎಲೆಬಳ್ಳಿಯವು. ಅಂಗಡಿಯಲ್ಲಿ ಅದಕ್ಕೆ ವಾಶಿ ಟೇಪು ಎನ್ನುತ್ತಾರೆ. ಸಿಸ್ಟರ್ ಬಾಯಲ್ಲಿ ಅದು ಹೂವಿನ ಟೇಪು.

“ಕೆನ್ನೆ ಮೇಲಿನ ಬಿಳಿ ಟೇಪು ನೋಡಿದ್ರೆ ಹೆದರಿಕೆ ಆಗ್ತದೆ, ಅಲ್ದಾ?” ಎಂದರು. “ಎಲ್ಲ ತಾಯಂದ್ರಿಗೂ ಆಗ್ತದೆ. ಮನೇಗ್ ಹೋದ್ ಮೇಲೂ ಟೇಪು ಅಂದ್ರೆ ಅದೇ ಕಣ್ಣಿಗೆ ಬರ್ತದೆ ಅಂತ ಒಬ್ಳು ಹೇಳಿದ್ಳು. ಅದಕ್ಕೇ ಈ ಟೇಪು ತಂದಿಡೋಕೆ ಶುರು ಮಾಡ್ದೆ.”

ಅವರ ಯೋಜನೆ ಸರಳ. ಡ್ರಾಯಿಂಗ್ ಹಾಳೆಗಳನ್ನು ಮಡಚಿ, ಬೆನ್ನಿಗೆ ನೂಲು ಹೊಲಿದು ಒಂದು ಪುಸ್ತಕ. ಗಾಜಿನ ಈಚೆಯಿಂದ ನಮ್ಮದೇ ಫೋನಿನಲ್ಲಿ ತೆಗೆದ ಫೋಟೋ, ಎದುರಿನ ಸ್ಟುಡಿಯೋದಲ್ಲಿ ಪ್ರಿಂಟು. ಮಗುವಿನ ಟೊಪ್ಪಿಯ ಅಂಚಿನ ನೂಲು, ಕೈಗೆ ಕಟ್ಟಿದ್ದ ಹೆಸರಿನ ಪಟ್ಟಿ, ಇಂಥವೆಲ್ಲ ಅದರೊಳಗೆ. ಗೋಂದು ಬೇಡ. ಎಲ್ಲವೂ ಟೇಪಿನಿಂದ. ಪುಸ್ತಕ ಮಕ್ಕಳ ಕೋಣೆಯೊಳಗೆ ಹೋಗುವ ಹಾಗಿಲ್ಲ, ಈ ಕೋಣೆಯಲ್ಲೇ ಇರಬೇಕು. ಒಳಗೆ ಹೋಗುವ ಮೊದಲು ಮೊಣಕೈವರೆಗೂ ಸೋಪು ಹಾಕಿ ಕೈ ತೊಳೆಯಬೇಕು.

ಅತ್ತೆ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದರು. ಅವರ ಮುಖ ಗಂಟಾಯಿತು. “ಸಿಸ್ಟರಮ್ಮ, ತಪ್ಪು ತಿಳೀಬೇಡಿ. ಮಗು ಮನೆಗೇ ಬಂದಿಲ್ಲ, ಹೆಸರೇ ಇಟ್ಟಿಲ್ಲ. ಈಗ್ಲೇ ಫೋಟೋ ತೆಗ್ದು ಪುಸ್ತಕ ಮಾಡಿ ಅಂಟಿಸೋದು ಅಂದ್ರೆ ಎಂತದು. ದೃಷ್ಟಿ ಆಗಲ್ವಾ?”

ಸಿಸ್ಟರ್ ವಾದಿಸಲಿಲ್ಲ. ಒಂದು ತುಂಡು ಟೇಪು ಹರಿದು ಹಾಳೆಗೆ ಅಂಟಿಸಿ, ಮತ್ತೆ ಮೆಲ್ಲಗೆ ಬಿಡಿಸಿ ತೋರಿಸಿದರು. ಹಾಳೆಯ ಮೇಲೆ ಗುರುತೇ ಇರಲಿಲ್ಲ. “ನೋಡಿಮ್ಮ, ಅಂಟಿಸಿದ ಹಂಗಲ್ಲ ಇದು, ಇಟ್ಟ ಹಂಗೆ. ಬೇಡ ಅನ್ಸಿದ ದಿನ ತೆಗ್ದುಬಿಡ್ಬೋದು,” ಎಂದು ಅತ್ತೆಯ ಕೈಗೇ ಸುರುಳಿ ಕೊಟ್ಟರು.

ಅತ್ತೆ ಅದನ್ನು ತಿರುಗಿಸಿ ಮುರುಗಿಸಿ ನೋಡಿ ಕೇಳಿದರು, “ಕಪ್ಪು ಇದೆಯಾ ಇದ್ರಲ್ಲಿ?”

ಡಬ್ಬಿಯ ತಳದಲ್ಲಿ ಇತ್ತು. ಅತ್ತೆ ಉಗುರುಗತ್ತರಿಯಿಂದ ಗುಂಡಗೆ ಒಂದು ಚೂರು ಕತ್ತರಿಸಿ ಮೊದಲ ಪುಟದ ಮೂಲೆಗೆ ಒತ್ತಿದರು. ದೃಷ್ಟಿಬೊಟ್ಟು. “ಹಂಗಾದ್ರೆ ಮಾಡಿ. ಪ್ರತಿ ಪುಟಕ್ಕೂ ಇದನ್ನ ಮೊದ್ಲು ಇಡ್ಬೇಕು,” ಎಂದರು. ಸಿಸ್ಟರ್ ಮುಖದಲ್ಲಿ ಆವತ್ತು ಮೊದಲ ಸಲ ನಗು ಕಂಡೆ. ಮುಂದೆ ಆ ಕೋಣೆಯ ಎಲ್ಲ ಪುಸ್ತಕಗಳಿಗೂ ದೃಷ್ಟಿಬೊಟ್ಟು ಇಡುವ ಕೆಲಸ ಅತ್ತೆಯದಾಯಿತು.

ಪಕ್ಕದ ಮಂಚದಲ್ಲಿ ಇದ್ದವಳೇ ಲಲಿತ. ಕಳಸದ ಹತ್ತಿರದ ಒಂದು ತೋಟದಲ್ಲಿ ಗಂಡ ಹೆಂಡತಿ ಇಬ್ಬರೂ ಕೆಲಸಕ್ಕಿದ್ದರು. ಅವಳಿಗೆ ಗಂಡುಮಗು, ನನ್ನ ಮಗಳಿಗಿಂತಲೂ ಚಿಕ್ಕದು. ಲಲಿತ ಹೆಚ್ಚು ಮಾತಾಡುತ್ತಿರಲಿಲ್ಲ. ಆದರೆ ಕೈ ಚುರುಕು. ಸಿಸ್ಟರ್ ಎರಡು ಬಣ್ಣದ ಟೇಪನ್ನು ಹಾಳೆಗೆ ಉದ್ದುದ್ದ ಹಚ್ಚುವುದನ್ನು ತೋರಿಸಿದರೆ, ಇವಳು ಅಂಟಿನ ಬದಿಗೆ ಅಂಟಿನ ಬದಿ ಕೂಡಿಸಿ ಪಟ್ಟಿ ಮಾಡಿ, ಪಟ್ಟಿಗೆ ಪಟ್ಟಿ ಹೆಣೆದು ಅಂಗೈಯಗಲದ ಚಾಪೆ ಮಾಡಿದಳು. ಅದರ ಮೇಲೆ ಮಗನ ಫೋಟೋ ಇಟ್ಟಳು. “ನೆಲ ತಂಪಿರ್ತದೆ, ಅದಕ್ಕೆ,” ಎಂದಳು.

ಸಿಸ್ಟರ್ ಬಿಡುವು ಸಿಕ್ಕಾಗಲೆಲ್ಲ ಬಂದು ಒಂದೊಂದು ಹೊಸ ಬಗೆ ಹೇಳಿಕೊಡುತ್ತಿದ್ದರು. ಹಸಿರು, ನೀಲಿ, ಬೂದು ಟೇಪುಗಳನ್ನು ಓರೆಯಾಗಿ ಹರಿದು ಒಂದರ ಮೇಲೊಂದು ಹಚ್ಚಿದರೆ ಗುಡ್ಡದ ಸಾಲು. ನಾನು ಕತ್ತರಿ ಹುಡುಕಿದರೆ ಬೇಡ ಎಂದರು. “ಹರಿದ ಅಂಚೇ ಚೆಂದ. ನಮ್ಮ ಗುಡ್ಡನ ಯಾರಾದ್ರೂ ಕತ್ತರೀಲಿ ಕತ್ತರಿಸಿದಾರಾ?” ಒಂದು ನೂಲಿನ ಮೇಲೆ ಟೇಪಿನ ತುಂಡನ್ನು ಮಡಚಿ ಅಂಟಿಸಿ ತುದಿಗೆ ಕಚ್ಚು ಹಾಕಿದರೆ ಪುಟಾಣಿ ಬಾವುಟ. ಮಗುವಿನ ತೂಕ ಏರಿದ ದಿನ ಒಂದು ಬಾವುಟ. ಇಳಿದ ದಿನ ಹಾಗೇ ಬಿಡುವುದು, ಇದ್ದದ್ದನ್ನು ಕೀಳುವುದಿಲ್ಲ. ಒಂದು ಚೌಕದ ಕಾಗದದ ಮೂರು ಬದಿಗೆ ಟೇಪು ಹಚ್ಚಿ ಹಾಳೆಗೆ ಒತ್ತಿದರೆ ಜೇಬು. ಬರೆದದ್ದು ತಪ್ಪಾದರೆ ಅದರ ಮೇಲೆ ಹೂವಿನ ಪಟ್ಟಿ. ಪುಟದ ಅಂಚಿನಿಂದ ಹೊರಕ್ಕೆ ಸ್ವಲ್ಪ ಚಾಚಿ ಮಡಚಿದರೆ ಪುಟ ತಿರುವಲು ಹಿಡಿ.

ನನಗೆ ಅವರು ಹೇಳಿಕೊಟ್ಟದ್ದರಲ್ಲಿ ದೊಡ್ಡದೆಂದರೆ ಬಾಗಿಲು. ಮೊದಲ ದಿನದ ಫೋಟೋ ನೋಡಲು ನನ್ನಿಂದ ಆಗುತ್ತಿರಲಿಲ್ಲ. ಕೊಳವೆ, ತಂತಿ, ದೀಪದ ಬೆಳಕು ತಾಗದಂತೆ ಕಣ್ಣಿಗೆ ಕಟ್ಟಿದ ಪಟ್ಟಿ. ಅದನ್ನು ಪುಸ್ತಕದಲ್ಲಿ ಹಾಕುವುದೇ ಬೇಡ ಎಂದಿದ್ದೆ. ಸಿಸ್ಟರ್ ಫೋಟೋದಷ್ಟೇ ದೊಡ್ಡ ದಪ್ಪ ಕಾಗದ ತಂದು, ಅದರ ಒಂದು ಬದಿಗೆ ಮಾತ್ರ ಟೇಪು ಹಚ್ಚಿ ಫೋಟೋದ ಮೇಲೆ ಕೂರಿಸಿದರು. ಬಾಗಿಲಿನ ಹಾಗೆ ತೆರೆಯಿತು, ಮುಚ್ಚಿತು.

“ನೋಡ್ಬೇಕು ಅನ್ಸಿದ್ರೆ ತೆಗೀರಿ. ಇಲ್ದಿದ್ರೆ ಮುಚ್ಚಿರ್ಲಿ. ಒಳಗೆ ಇದೆ ಅಂತ ಗೊತ್ತಿದ್ರೆ ಸಾಕು,” ಎಂದರು.

ಟೇಪು ಬಿಡಿಸುವುದರಲ್ಲಿ ಮಾತ್ರ ಅವರು ಬಲು ಬಿಗಿ. ನಾವು ಅವಸರದಲ್ಲಿ ಮೇಲಕ್ಕೆ ಕಿತ್ತರೆ ಹಾಳೆಯ ಮೇಲ್ಪದರ ಎದ್ದು ಬರುತ್ತಿತ್ತು. ಆಗ ಅವರ ಮುಖ ನೋವಾದವರ ಹಾಗೆ ಆಗುತ್ತಿತ್ತು. “ಎತ್ತಿ ಕೀಳ್ಬೇಡಿ. ಹಾಳೆಗೆ ತಾಗ್ಕೊಂಡ ಹಂಗೇ ಹಿಂದಕ್ಕೆ ಮಡಚ್ತಾ ಬನ್ನಿ. ಇನ್ನೊಂದು ಕೈ ಬೆರಳು ಪಕ್ಕದಲ್ಲೇ ಇರ್ಲಿ, ಹಾಳೆನ ಹಿಡ್ಕೊಂಡು. ನಿಧಾನ. ಇನ್ನೂ ನಿಧಾನ.” ಒಂದೇ ತುಂಡನ್ನು ಅಂಟಿಸಿ ಬಿಡಿಸಿ, ಅಂಟಿಸಿ ಬಿಡಿಸಿ ಮಾಡಿಸುತ್ತಿದ್ದರು. ಪುಸ್ತಕಕ್ಕೆ ಇಷ್ಟೆಲ್ಲ ನಾಜೂಕು ಯಾಕೆ ಎಂದು ನನಗೆ ಬೇಸರವಾಗುತ್ತಿತ್ತು.

ಆಷಾಢದ ಮಳೆ ಜೋರು ಹಿಡಿದ ಒಂದು ಮಧ್ಯಾಹ್ನ ಗಾಳಿಗೆ ಕಿಟಕಿಗಳು ಬಡಿದುಕೊಂಡವು. ದೀಪ ಹೋಯಿತು. ಹೋಗುವುದು ಹೊಸದಲ್ಲ, ಕೂಡಲೇ ಹಿಂದಿನ ಶೆಡ್ಡಿನಲ್ಲಿ ಜನರೇಟರು ಗುಡುಗುತ್ತಿತ್ತು. ಆವತ್ತು ಗುಡುಗಲಿಲ್ಲ. ಒಮ್ಮೆ ಕೆಮ್ಮಿ ನಿಂತಿತು. ಮತ್ತೆ ಕೆಮ್ಮಿತು, ಮತ್ತೆ ನಿಂತಿತು. ಕೋಣೆಯಲ್ಲಿ ಎಲ್ಲರೂ ಎದ್ದು ನಿಂತಿದ್ದೆವು. ಒಳಗಿನ ಯಂತ್ರಗಳಿಗೆ ಬ್ಯಾಟರಿ ಇದೆ ಎಂದು ಯಾರೋ ಹೇಳಿದರು. ಎಷ್ಟು ಹೊತ್ತಿಗೆ ಎಂದು ಯಾರಿಗೂ ಗೊತ್ತಿರಲಿಲ್ಲ. ಅತ್ತೆ ನನ್ನ ತೋಳು ಹಿಡಿದಿದ್ದರು, ಉಗುರು ನೆಟ್ಟಿತ್ತು.

ಸಿಸ್ಟರ್ ಬಾಗಿಲು ತಳ್ಳಿದರು. ಈ ಸಲ ತಟ್ಟಲಿಲ್ಲ. ಆದರೆ ದನಿ ಎತ್ತರಿಸದೆ ಹೇಳಿದರು, “ನಾನು ಹೆಸರು ಹೇಳ್ದವ್ರು ಕೈ ತೊಳ್ಕೊಂಡು ಬನ್ನಿ. ಡಾಕ್ಟ್ರು ಹೇಳಿದಾರೆ, ಮಕ್ಕಳನ್ನ ನಿಮ್ಮ ಎದೆ ಮೇಲೆ ಹಾಕ್ತೀವಿ. ಬಿಸಿ ಆರ್ಬಾರ್ದು. ಓಡ್ಬೇಡಿ, ನೆಲ ಒದ್ದೆ ಇದೆ.”

ಮೂರನೆಯ ಹೆಸರು ನನ್ನದು. ಕುರ್ಚಿಯಲ್ಲಿ ಕೂರಿಸಿ, ರವಿಕೆ ಬಿಚ್ಚಿಸಿ, ಅವಳನ್ನು ನನ್ನ ಎದೆಗೆ ನೆಟ್ಟಗೆ ಒರಗಿಸಿ ಮೇಲೆ ಬಟ್ಟೆ ಸುತ್ತಿದರು. ಆ ಹೊತ್ತಿಗೆ ಅವಳ ಮೂಗಿನ ಕೊಳವೆ ಹೋಗಿ ಹಾಲಿನ ನಳಿಕೆಯೊಂದೇ ಉಳಿದಿತ್ತು. ಹುಟ್ಟಿದ ಮೇಲೆ ನಾನು ಅವಳನ್ನು ಎತ್ತಿಕೊಂಡದ್ದು ಅದೇ ಮೊದಲು. ಭಾರವೇ ಇರಲಿಲ್ಲ. ಉಸಿರಾಡುತ್ತಿದ್ದಾಳೋ ಇಲ್ಲವೋ ತಿಳಿಯದೆ ನಾನೇ ಉಸಿರು ಬಿಗಿಹಿಡಿದು ಕೂತೆ.

ಎದುರಿಗೆ ಲಲಿತಳ ಮಗ. ಅವನಿಗೆ ಯಂತ್ರದ ಗಾಳಿ ಬೇಕೇ ಬೇಕಿತ್ತು. ಸಿಸ್ಟರ್ ಒಂದು ರಬ್ಬರಿನ ಚೀಲವನ್ನು ಅವನ ಮುಖಕ್ಕೆ ಹಿಡಿದು ಕೈಯಿಂದ ಒತ್ತುತ್ತಿದ್ದರು. ಎರಡು ಬೆರಳಿನ ಒತ್ತು, ಬಿಡು. ಒತ್ತು, ಬಿಡು. ಅವರ ತುಟಿ ಅದೇ ಲಯಕ್ಕೆ ಅಲುಗುತ್ತಿತ್ತು. ಕನ್ನಡಕ ಜಾರಿ ಮೂಗಿನ ತುದಿಗೆ ಬಂದಿತ್ತು. ಸರಿಮಾಡಿಕೊಳ್ಳಲು ಕೈ ಬಿಡಲಿಲ್ಲ. ಜನರೇಟರು ಹಿಡಿದುಕೊಳ್ಳುವವರೆಗೂ ಹಾಗೇ ನಿಂತಿದ್ದರು. ದೀಪ ಬಂದ ಮೇಲೂ ಸ್ವಲ್ಪ ಹೊತ್ತು ಒತ್ತುತ್ತಲೇ ಇದ್ದರು. ಡಾಕ್ಟರು “ಸಾಕು ಸಿಸ್ಟರ್, ಮಿಷಿನ್ ಬಂತು” ಎಂದು ಭುಜ ಮುಟ್ಟಿದ ಮೇಲೆ ಬಿಟ್ಟರು.

ಸಂಜೆ ಅವರು ತಾಯಂದಿರ ಕೋಣೆಗೆ ಬಂದು ಬೆಂಚಿನ ಮೇಲೆ ಕೂತರು. ಅತ್ತೆ ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ ಕೊಟ್ಟರು. ಲೋಟ ಹಿಡಿದುಕೊಳ್ಳಲಾಗದೆ ಪಕ್ಕಕ್ಕಿಟ್ಟರು.

“ನಂಗೆ ಭಯ ಆಗೋಯ್ತಮ್ಮ,” ಎಂದರು.

“ಇಷ್ಟು ವರ್ಷ ಕೆಲ್ಸ ಮಾಡಿದ್ ಮೇಲೂ ಆಗ್ತದಾ?” ಅತ್ತೆ ಕೇಳಿದರು.

“ದಿನಾ ಆಗ್ತದೆ. ಅಭ್ಯಾಸ ಆಗ್ತದೆ ಅಂತ ಕಾದೆ. ಆಗ್ಲೇ ಇಲ್ಲ.”

ಲಲಿತ ಎದ್ದು ಬಂದು ಅವರ ಪಕ್ಕ ಕೂತಳು. ಡಬ್ಬಿಯಿಂದ ಒಂದು ಸುರುಳಿ ತೆಗೆದು ಅವರ ಕೈಗಿಟ್ಟು, ತುದಿಯನ್ನು ತಾನು ಹಿಡಿದುಕೊಂಡಳು. ಇಬ್ಬರೂ ಸೇರಿ ಒಂದು ಉದ್ದದ ಹಳದಿ ಪಟ್ಟಿ ಎಳೆದು, ಆ ದಿನದ ಪುಟಕ್ಕೆ ಅಂಚು ಹಚ್ಚಿದರು. ಪಟ್ಟಿ ಸೊಟ್ಟಗಾಯಿತು. ಹಾಗೇ ಬಿಟ್ಟರು.

ಅದಾದ ಮೇಲಿನ ವಾರ ಲಲಿತಳ ಮಗನಿಗೆ ಸೋಂಕು ತಗುಲಿತು. ಔಷಧಿ ಬದಲಿಸಿದರು, ಮತ್ತೆ ಬದಲಿಸಿದರು. ಅವಳ ನೂಲಿಗೆ ಹೊಸ ಬಾವುಟ ಸೇರಲಿಲ್ಲ. ಒಂದು ಬೆಳಿಗ್ಗೆ ತಿಂಡಿಯ ಹೊತ್ತಿಗೆ ಬಾಗಿಲು ತೆರೆಯಿತು. ತಟ್ಟಿದ ಸದ್ದಿರಲಿಲ್ಲ, “ಸುಮ್ನೆ ಬಂದದ್ದು” ಇರಲಿಲ್ಲ. ಸಿಸ್ಟರ್ ಹೊಸ್ತಿಲಲ್ಲೇ ನಿಂತು, “ಲಲಿತಾ, ಬಾ ಮಗಾ,” ಎಂದರು. ಲಲಿತ ಇಡ್ಲಿಯ ತಟ್ಟೆ ಕೆಳಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡು ಹೋದಳು.

ಮಧ್ಯಾಹ್ನ ಅವಳ ಗಂಡ ಜೀಪು ಮಾಡಿಕೊಂಡು ಬಂದ. ಹೊರಡುವ ಮುಂಚೆ ಅವಳು ಬಟ್ಟೆ ತುಂಬಿಕೊಳ್ಳಲು ಕೋಣೆಗೆ ಬಂದಳು. ನಮಗೆ ಯಾರಿಗೂ ಅವಳನ್ನು ಮಾತಾಡಿಸುವ ಧೈರ್ಯ ಬರಲಿಲ್ಲ. ಸಿಸ್ಟರ್ ಬಂದು ಅವಳ ಮಂಚದ ಮೇಲೆ ಕೂತರು. ಪುಸ್ತಕ ಅವರ ಕೈಯಲ್ಲಿತ್ತು. ಒಳಗೆ ಆವತ್ತೇ ಹಾಕಿದ್ದ ಒಂದು ಹೊಸ ಪುಟ, ಅದರ ಮೇಲೆ ಮಗುವಿನ ಪಾದದ ಮಸಿಗುರುತು. ಅದಕ್ಕೂ ಒಂದು ಕಾಗದದ ಬಾಗಿಲು.

“ಇದು ನಿಂದು,” ಎಂದರು. “ಬೇಕು ಅನ್ಸಿದ್ರೆ ತಗೊಂಡೋಗು. ಈಗ ಬೇಡ ಅನ್ಸಿದ್ರೆ ನಾನು ಇಟ್ಕೊಂಡಿರ್ತೀನಿ. ಯಾವಾಗ ಬೇಕಾದ್ರೂ ಬಂದು ಕೇಳು.”

ಲಲಿತ ಪುಸ್ತಕ ತೆಗೆದುಕೊಂಡು ಬಟ್ಟೆಯ ಚೀಲದ ತಳದಲ್ಲಿ ಇಟ್ಟಳು. ಮೇಲೆ ಸೀರೆ ಹಾಕಿದಳು. ಆಮೇಲೆ ಅದನ್ನು ಹೊರತೆಗೆದು ಕೈಯಲ್ಲೇ ಹಿಡಿದುಕೊಂಡು ಹೋದಳು. ಸಿಸ್ಟರ್ ಜೀಪಿನವರೆಗೂ ಮಳೆಯಲ್ಲಿ ನೆನೆಯುತ್ತಾ ಹೋಗಿ ಬಂದರು.

ನಾನು ಆವತ್ತಿನಿಂದ ನನ್ನ ಪುಸ್ತಕ ಮುಟ್ಟಲಿಲ್ಲ. ಹಾಸಿಗೆಯ ಕೆಳಗೆ ತಳ್ಳಿದೆ. ಒಂದು ಬಾವುಟ ಹೆಚ್ಚು ಅಂಟಿಸಿದರೆ ಯಾರೋ ನೋಡಿಬಿಡುತ್ತಾರೆ, ಯಾರೋ ಲೆಕ್ಕ ಇಟ್ಟುಕೊಳ್ಳುತ್ತಾರೆ ಎನ್ನಿಸುತ್ತಿತ್ತು. ಮಗಳ ತೂಕ ಏರಿತು ಎಂದು ಹೇಳಿದರೂ ಕಿವಿ ಮುಚ್ಚಿಕೊಳ್ಳುವ ಹಾಗಾಗುತ್ತಿತ್ತು. ಅತ್ತೆ ಕೂಡ ಕಪ್ಪು ಟೇಪು ಕೈಯಲ್ಲಿ ಹಿಡಿದು ಸುಮ್ಮನೆ ಕೂರುತ್ತಿದ್ದರು. ಸಿಸ್ಟರ್ ಪುಸ್ತಕದ ಮಾತೆತ್ತಲಿಲ್ಲ. ತಟ್ಟುತ್ತಿದ್ದರು, ಸುಮ್ಮನೆ ಬಂದದ್ದು ಎನ್ನುತ್ತಿದ್ದರು, ಮಗು ಉಸಿರಾಡುತ್ತಿದೆ ಎಂದು ಹೇಳಿ ಹೋಗುತ್ತಿದ್ದರು.

ಮಳೆ ಸ್ವಲ್ಪ ಬಿಡುವು ಕೊಟ್ಟ ಒಂದು ದಿನ ನನ್ನನ್ನು ಒಳಗೆ ಕರೆದರು. ಮಗಳು ಎರಡು ದಿನದಿಂದ ಬಾಯಲ್ಲೇ ಹಾಲು ಕುಡಿಯುತ್ತಿದ್ದಳು. ನಳಿಕೆ ಇನ್ನು ಬೇಡ ಎಂದು ಡಾಕ್ಟರು ಹೇಳಿದ್ದರು.

“ಕೆನ್ನೆ ಟೇಪು ನೀವೇ ತೆಗೀರಿ,” ಎಂದರು ಸಿಸ್ಟರ್.

“ನನ್ನ ಕೈಲಿ ಆಗಲ್ಲ ಸಿಸ್ಟರ್. ಚರ್ಮ ಕಿತ್ತು ಬಂದ್ರೆ.”

“ಹಾಳೆ ಮೇಲೆ ಮಾಡಿದೀರಲ್ಲ. ಅದೇ ಕೈ.”

ಒದ್ದೆ ಹತ್ತಿಯಿಂದ ಟೇಪಿನ ಅಂಚನ್ನು ಅವರೇ ನೆನೆಸಿದರು. ನಾನು ತುದಿ ಹಿಡಿದೆ. ಎತ್ತಲಿಲ್ಲ. ಕೆನ್ನೆಗೆ ತಾಗಿಕೊಂಡ ಹಾಗೇ ಹಿಂದಕ್ಕೆ ಮಡಚುತ್ತಾ ಬಂದೆ. ಇನ್ನೊಂದು ಕೈಯ ಬೆರಳು ಪಕ್ಕದಲ್ಲೇ, ಆ ಚರ್ಮವನ್ನು ಮೆಲ್ಲಗೆ ಹಿಡಿದುಕೊಂಡು. ನನ್ನ ಪಕ್ಕದಲ್ಲಿ ಸಿಸ್ಟರ್ “ನಿಧಾನ, ಇನ್ನೂ ನಿಧಾನ” ಎನ್ನುತ್ತಿದ್ದರು. ಎರಡೂ ಕೆನ್ನೆಯ ಟೇಪು ಬಂತು. ಕೆಳಗೆ ಸ್ವಲ್ಪ ಕೆಂಪಾಗಿತ್ತು, ಅಷ್ಟೇ. ಮಗಳು ಮುಖ ಕಿವುಚಿ, ಆಮೇಲೆ ಸಡಿಲಿಸಿದಳು. ಅವಳಿಗೆ ಅಷ್ಟು ಅಗಲದ ಕೆನ್ನೆಯಿದೆ ಎಂದು ನನಗೆ ಆವರೆಗೆ ಗೊತ್ತಿರಲಿಲ್ಲ.

ಆ ಬಿಳಿ ಟೇಪಿನ ಚೂರನ್ನು ಕಾಗದದಲ್ಲಿ ಸುತ್ತಿ ಈಚೆ ತಂದೆ. ಹಾಸಿಗೆಯ ಕೆಳಗಿಂದ ಪುಸ್ತಕ ತೆಗೆದೆ. ಅತ್ತೆ ಮೂಲೆಗೆ ಬೊಟ್ಟಿಟ್ಟರು. ಬಿಳಿ ಚೂರನ್ನು ಪುಟದ ನಡುವೆ ಇಟ್ಟು, ಸುತ್ತಲೂ ಹೂವಿನ ಟೇಪಿನ ಚೌಕಟ್ಟು ಹಾಕಿದೆ. ನಾವು ಮನೆಗೆ ಹೋದದ್ದು ಅದಾಗಿ ಕೆಲವು ದಿನಕ್ಕೆ.

ಮನೆಗೆ ಬಂದ ಮೇಲೂ ಹೆದರಿಕೆ ಬಿಟ್ಟಿರಲಿಲ್ಲ. ಮಗಳ ಮೂಗಿನ ಹತ್ತಿರ ಬೆರಳು ಹಿಡಿದು ನೋಡುವ ಅಭ್ಯಾಸ ನನಗೆ ಅವಳು ನಡೆಯುವವರೆಗೂ ಇತ್ತು. ಸಿಸ್ಟರ್ ನಿವೃತ್ತಿಯಾದರು ಎಂದು ಕೇಳಿದೆ. ಹೋಗಿ ನೋಡಬೇಕು ಎಂದುಕೊಂಡದ್ದು ವರ್ಷ ವರ್ಷ ಮುಂದೆ ಹೋಯಿತು. ಲಲಿತ ಮಾತ್ರ ಸಂಪರ್ಕ ಬಿಡಲಿಲ್ಲ. ಅವಳಿಗೆ ಆಮೇಲೆ ಒಬ್ಬ ಮಗ ಹುಟ್ಟಿದ, ತುಂಬಿದ ತಿಂಗಳಿಗೆ, ಗಟ್ಟಿಯಾಗಿ ಅಳುತ್ತಾ. ಹೋದ ಬೇಸಿಗೆಯಲ್ಲಿ ಅವಳೇ ಹೇಳಿದ್ದು, “ಸಿಸ್ಟರಿಗೆ ಈಗೀಗ ಮರೆವಂತೆ ಅಕ್ಕ. ಅಣ್ಣನ ಮಗಳ ಮನೇಲಿದಾರೆ. ನೋಡೋದಾದ್ರೆ ಈಗ್ಲೇ ನೋಡ್ಬೇಕು.”

ನಾನು ಮಗಳನ್ನು ಕರೆದುಕೊಂಡು ಹೋದೆ. ಅವಳಿಗೆ ಆಗ ಏಳು ತುಂಬುತ್ತಿತ್ತು. ಚೀಲದಲ್ಲಿ ಪುಸ್ತಕ ಇಟ್ಟುಕೊಂಡಿದ್ದೆ. ಅದನ್ನು ನೋಡಿದರೆ ಅವರಿಗೆ ನೆನಪಾದೀತು ಎಂಬ ಆಸೆ.

ಸಿಸ್ಟರ್ ಜಗಲಿಯ ಕುರ್ಚಿಯಲ್ಲಿ ಕೂತಿದ್ದರು. ಬೂದು ಸ್ವೆಟರಿನ ಜಾಗದಲ್ಲಿ ಒಂದು ಶಾಲು. ಇನ್ನಷ್ಟು ಗಿಡ್ಡವಾಗಿದ್ದರು. ನನ್ನ ಹೆಸರು ಹೇಳಿದೆ, ಊರು ಹೇಳಿದೆ. ನಯವಾಗಿ ತಲೆಯಾಡಿಸಿದರು. ಪುಸ್ತಕ ಕೊಟ್ಟೆ. ಒಂದೊಂದೇ ಪುಟ ತಿರುವಿ ನೋಡಿದರು. ಟೇಪಿನ ಬಣ್ಣ ಮಾಸಿತ್ತು, ಗುಡ್ಡದ ಸಾಲಿನ ಒಂದು ತುದಿ ಎದ್ದಿತ್ತು. “ಚೆಂದ ಮಾಡಿದಾರೆ. ಯಾರು ಮಾಡಿದ್ದು?” ಎಂದು ಕೇಳಿದರು.

“ನೀವೇ ಹೇಳಿಕೊಟ್ಟದ್ದು ಸಿಸ್ಟರ್.”

“ನಂಗೆ ನೆನಪಿಲ್ಲಮ್ಮ,” ಎಂದರು ಸಂಕೋಚದಿಂದ. “ನೀವೇ ಹೇಳಿ, ಎಂತ ಆಯ್ತು ಅಂತ.”

ಹೇಳತೊಡಗಿದೆ. ಏಳು ತಿಂಗಳಿಗೆ ಹುಟ್ಟಿದ್ದು, ಅಳದೆ ಇದ್ದದ್ದು. ಅವರು ಮುಂದಕ್ಕೆ ಬಾಗಿದರು. ಕುರ್ಚಿಯ ಕೈಯನ್ನು ಹಿಡಿದುಕೊಂಡರು. ಮರೆವು ಅವರಿಂದ ನಮ್ಮನ್ನೆಲ್ಲ ತೆಗೆದುಕೊಂಡು ಹೋಗಿತ್ತು, ಹೆದರಿಕೆಯನ್ನು ಮಾತ್ರ ಬಿಟ್ಟಿತ್ತು. ಕರೆಂಟು ಹೋಯಿತು ಎಂದಾಗ ಅವರ ಉಸಿರು ನಿಂತ ಹಾಗಾಯಿತು.

“ಜನರೇಟರ್ ಹಾಕ್ಲಿಲ್ವಾ ಅವ್ರು?”

“ಹಾಕಿದ್ರು. ಹಿಡೀಲಿಲ್ಲ.”

“ಮಗು? ಮಗು ಎಂತ ಆಯ್ತು? ಉಳೀತಾ?”

ಅವರ ಕುರ್ಚಿಗೆ ಒರಗಿ ನಿಂತು ಚಕ್ಕುಲಿ ತಿನ್ನುತ್ತಿದ್ದ ಮಗಳು ಹೇಳಿದಳು, “ಉಳ್ಕೊಂಡ್ಳು ಸಿಸ್ಟರ್. ನಾನೇ ಅವ್ಳು.”

ಸಿಸ್ಟರ್ ತಿರುಗಿ ಅವಳನ್ನು ನೋಡಿದರು. ತಲೆಯಿಂದ ಕಾಲಿನವರೆಗೆ ನೋಡಿ, “ಎಷ್ಟು ತೂಕ ಈಗ?” ಎಂದರು.

“ಇಪ್ಪತ್ತು ಕೆಜಿ.”

“ಹೌದಾ,” ಎಂದು ಕುರ್ಚಿಗೆ ಒರಗಿದರು. ಮುಖದ ಬಿಗಿಯೆಲ್ಲ ಇಳಿಯಿತು. ಕಣ್ಣು ಒರೆಸಿಕೊಂಡರು. ಅಣ್ಣನ ಮಗಳು ಕಾಫಿ ತಂದಿಟ್ಟರು. ನಾವು ಮಳೆ ಬೆಳೆ ಎಂದು ಬೇರೆ ಮಾತಿಗೆ ಹೋದೆವು. ಸ್ವಲ್ಪ ಹೊತ್ತಿನಲ್ಲಿ ಸಿಸ್ಟರ್ ಲೋಟ ಕೆಳಗಿಟ್ಟು, ಕಾಳಜಿಯಿಂದ ನನ್ನ ಕೈ ಮುಟ್ಟಿ ಕೇಳಿದರು, “ಆ ಮಗು ಕತೆ ಹೇಳ್ತಿದ್ರಲ್ಲ, ಕರೆಂಟ್ ಹೋಯ್ತು ಅಂತ. ಆಮೇಲೆ ಅದು ಉಳೀತಾ?”

“ಉಳ್ಕೊಂಡ್ಳು ಸಿಸ್ಟರ್,” ಎಂದಳು ಮಗಳು. “ನಾನೇ ಅವ್ಳು.”

ಮತ್ತೆ ಅವರು ತಿರುಗಿ ನೋಡಿದರು. ಮತ್ತೆ ಮೊದಲ ಸಲ ಕೇಳಿದವರ ಹಾಗೆಯೇ ಆ ಮುಖದ ಬಿಗಿ ಇಳಿಯಿತು, ಕಣ್ಣು ತುಂಬಿತು. ಮಗಳು ನನ್ನ ಕಡೆ ನೋಡಲಿಲ್ಲ. ಒಂದು ಸ್ಟೂಲು ಎಳೆದುಕೊಂಡು ಸಿಸ್ಟರ್ ಅವರ ಮೊಣಕಾಲಿನ ಹತ್ತಿರ ಕೂತು, ಅವರು ಇನ್ನೊಂದು ಸಲ ಕೇಳುವುದನ್ನು ಕಾಯತೊಡಗಿದಳು.